ಗದ್ದೆಯಲ್ಲಿ ತಂತಿ ಕಟ್ಟಿದ್ದೇನೆ: ಕೇಳಿಸಿದ್ದು ಗುರುಗ್ರಹವೋ, ಪಕ್ಕದ ತೋಟದ ಬೇಲಿಯೋ?

ಗದ್ದೆಬದಿ
ಶುಕ್ರವಾರ, ಬೆಳಿಗ್ಗೆ 6.20

ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಮನೆ. ಕೊಯ್ಲು ಮುಗಿದು ಗದ್ದೆ ಖಾಲಿ ಬಿದ್ದಿದೆ. ಎರಡು ವಾರದ ಹಿಂದೆ ಅಲ್ಲಿ ನಾಲ್ಕು ಬಿದಿರಿನ ಗಳ ನೆಟ್ಟು ಎರಡು ಡೈಪೋಲ್ (ನಡುವೆ ಕೇಬಲ್ ಸಿಕ್ಕಿಸುವ ನೇರ ತಂತಿಯ ಆಂಟೆನಾ) ಕಟ್ಟಿದೆ. ಒಂದೊಂದೂ 7.1 ಮೀಟರ್ ಉದ್ದ, ನೆಲದಿಂದ ಹನ್ನೆರಡು ಅಡಿ ಎತ್ತರ. ಎರಡರ ನಡುವಿನಿಂದಲೂ ಟಿವಿ ಡಿಶ್ಶಿಗೆ ಬಳಸುವ ಕೇಬಲ್ ಇಳಿಸಿ, ಕೂಡಿಸಿ, ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಗ್ರಾಹಕ) ಮೂಲಕ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೇನೆ. ಕೇಳುತ್ತಿರುವುದು 20.1 ಮೆಗಾಹರ್ಟ್ಸ್. ಗುರುಗ್ರಹದ ರೇಡಿಯೊ ಅಲೆ ಹಿಡಿಯಬೇಕೆಂಬುದು ಆಸೆ. ಖರ್ಚು ಹೆಚ್ಚೇನೂ ಆಗಿಲ್ಲ, ಮನೆಯವರ ಬೈಗುಳ ಬಿಟ್ಟರೆ.

ಹನ್ನೊಂದು ರಾತ್ರಿ ಏನೂ ಸಿಗಲಿಲ್ಲ. ನಿನ್ನೆ, ಗುರುವಾರ, ರಾತ್ರಿ 11.10ರ ಹೊತ್ತಿಗೆ ಕೇಳಿಸಿದ್ದು ಹೀಗೆ: ಸದಾ ಇರುವ ಸುಂಯ್ ಎನ್ನುವ ಗದ್ದಲ. ಅದರ ಮೇಲೆ ಟಕ್, ಟಕ್, ಟಕ್ ಎಂದು ಗಡಿಯಾರದಂಥ ಬಡಿತ. ಇವೆರಡರ ಹಿಂದೆ, ಕುಮಟೆಯ ಕಡಲತಡಿಯಲ್ಲಿ ರಾತ್ರಿ ಮಲಗಿದಾಗ ಕೇಳುವಂಥ, ಉಬ್ಬಿ ಬಂದು ಇಳಿದು ಹೋಗುವ ಮೊರೆತ. ಇಪ್ಪತ್ತು ನಿಮಿಷ ಇತ್ತು, ಆಮೇಲೆ ಕರಗಿತು. ಧ್ವನಿಮುದ್ರಿಕೆ ಹಾಕಿದ್ದೇನೆ. ತಿಳಿದವರು ಕೇಳಿ ಹೇಳಿ: ಇದು ಗುರುವೇ?

ತಂತಿಮೇಷ್ಟರು
ಶುಕ್ರವಾರ, ಬೆಳಿಗ್ಗೆ 7.05

ಆ ಟಕ್ ಟಕ್ ಗುರುವಲ್ಲ. ನಲವತ್ತು ವರ್ಷ ಹ್ಯಾಮ್ (ಹವ್ಯಾಸಿ) ರೇಡಿಯೊ ಹಿಡಿದವನ ಕಿವಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ನಿಮ್ಮ ಸುತ್ತ ಯಾರಾದರೂ ಹಂದಿಗೆಂದು ಸೋಲಾರ್ ಬೇಲಿ ಹಾಕಿದ್ದಾರೆಯೇ? ಅದರ ಪೆಟ್ಟಿಗೆ ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಸಲ ತಂತಿಗೆ ಝಟಕಾ ಬಿಡುತ್ತದೆ. ಹುಲ್ಲಿನ ಎಸಳು ತಂತಿಗೆ ತಾಗಿದ್ದರೆ ಅಲ್ಲೊಂದು ಕಿಡಿ, ಕಿಡಿಯಿಂದ ಎಲ್ಲ ಕಂಪನಾಂಕದಲ್ಲೂ ಗದ್ದಲ.

ಸುಂಯ್ ಎನ್ನುವುದರಲ್ಲಿ ಎರಡು ಪಾಲಿರಬಹುದು. ಒಂದು ನಮ್ಮ ಕ್ಷೀರಪಥದ್ದೇ ಹಿನ್ನೆಲೆ ಗದ್ದಲ; 20 ಮೆಗಾಹರ್ಟ್ಸಿನಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ, ಆಂಟೆನಾ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಇನ್ನೊಂದು ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪಿನ ಚಾರ್ಜರ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ.

ಮೊರೆತದ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ.

ಹೊಸಬ27
ಶುಕ್ರವಾರ, ಬೆಳಿಗ್ಗೆ 9.30

ಗುರುವಿನ ಉಪಗ್ರಹ ಗ್ಯಾನಿಮೀಡ್‌ನಿಂದ ಎಫ್‌ಎಂ ಪ್ರಸಾರ ಬರುತ್ತಿದೆ, ನಾಸಾ ಅದನ್ನು ಮುಚ್ಚಿಟ್ಟಿದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ಗದ್ದೆಬದಿಯವರಿಗೆ ಸಿಕ್ಕಿದ್ದು ಅದೇ ಇರಬಹುದಲ್ಲವೇ?

ಕಟುಸಂದೇಹಿ
ಶುಕ್ರವಾರ, ಬೆಳಿಗ್ಗೆ 9.48

ಮುಚ್ಚಿಟ್ಟದ್ದು ವಾಟ್ಸಾಪಿಗೆ ಬಂದಿತೆಂದರೆ ಮುಚ್ಚಿಟ್ಟವರು ಕೆಲಸ ಬಲ್ಲವರಲ್ಲ.

ನಡೆದದ್ದಿಷ್ಟು. ನಾಸಾದ ಜುನೊ ನೌಕೆ 2016ರ ಜುಲೈನಿಂದ ಗುರುವನ್ನು ಸುತ್ತುತ್ತಿದೆ. ಒಂದು ಸುತ್ತಿನಲ್ಲಿ ಅದು ಗ್ಯಾನಿಮೀಡ್‌ಗೆ ತಳಕು ಹಾಕಿಕೊಂಡ ರೇಡಿಯೊ ಅಲೆ ಹುಟ್ಟುವ ಜಾಗದ ಒಳಗೇ ಹಾದುಹೋಯಿತು. ಸೆಕೆಂಡಿಗೆ 50 ಕಿಲೋಮೀಟರ್ ವೇಗ. ಅಲೆ ಸಿಕ್ಕಿದ್ದು ಐದೇ ಸೆಕೆಂಡು. ಹಾಗೆಂದರೆ ಆ ಜಾಗದ ಅಗಲ 250 ಕಿಲೋಮೀಟರಾದರೂ ಇರಬೇಕು ಎಂದು ಲೆಕ್ಕ ಹಾಕಿದರು. 2021ರ ಜನವರಿಯಲ್ಲಿ ಸುದ್ದಿಮನೆಗಳು ಇದಕ್ಕೆ ‘ಎಫ್‌ಎಂ ಸಿಗ್ನಲ್’ ಎಂದು ಹೆಸರಿಟ್ಟವು. ನಮ್ಮ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್. ಜುನೊಗೆ ಸಿಕ್ಕಿದ್ದು 6.5 ಮೆಗಾಹರ್ಟ್ಸಿನ ಆಸುಪಾಸು. ಅಲ್ಲಿ ಪ್ರಸಾರಕರೂ ಇಲ್ಲ, ಚಿತ್ರಗೀತೆಯೂ ಇಲ್ಲ, ಎಲೆಕ್ಟ್ರಾನುಗಳಿವೆ.

ಇನ್ನು ಗದ್ದೆಬದಿಯವರೇ, ನಿಮ್ಮ ಮೊರೆತವನ್ನೂ ನಾನು ನಂಬುತ್ತಿಲ್ಲ. ಬೇಲಿ ಇದ್ದಲ್ಲಿ ಬೋರ್‌ವೆಲ್ ಮೋಟಾರೂ ಇರುತ್ತದೆ, ಹೈ ಟೆನ್ಷನ್ ತಂತಿಯೂ ಇರುತ್ತದೆ. ಅವೂ ಮೊರೆಯುತ್ತವೆ.

ಗದ್ದೆಬದಿ
ಶುಕ್ರವಾರ, ಮಧ್ಯಾಹ್ನ 1.15

ಮೇಷ್ಟರೇ, ಬೇಲಿ ಇದೆ. ಪಕ್ಕದ ತೋಟ ನಮ್ಮ ಚಿಕ್ಕಪ್ಪನದು. ಶುಂಠಿ ಹಾಕಿದ್ದಾರೆ, ಕೀಳುವುದು ಅರ್ಧ ಬಾಕಿ ಇದೆ. ಹಂದಿಕಾಟ ವಿಪರೀತ. ಬೇಲಿ ಆರಿಸಿ ಎಂದು ಕೇಳುವ ಧೈರ್ಯ ಸದ್ಯಕ್ಕಿಲ್ಲ.

ಮೂರನೇಮಹಡಿ
ಶುಕ್ರವಾರ, ಸಂಜೆ 7.40

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತವನು ನಾನು. ನನ್ನ ತಾರಸಿಯಲ್ಲಿ ಕೇಳುವುದು ಲಿಫ್ಟು ಮತ್ತು ಇನ್‌ವರ್ಟರ್ ಮಾತ್ರ. ಆದರೂ ಕಥೆ ಹೇಳಬಲ್ಲೆ. ಬೇಲಿಯ ಸಂದೇಹ ಓದಿ ನಗು ಬಂತು. ಏಕೆಂದರೆ ಗುರುವಿನ ಅಲೆ ಮೊದಲು ಸಿಕ್ಕಿದವರಿಗೂ ಇದೇ ಸಂದೇಹ ಬಂದಿತ್ತು.

1955ರ ಆರಂಭ. ಅಮೆರಿಕದ ಮೇರಿಲ್ಯಾಂಡ್‌ನ ಸೆನೆಕಾ ಎಂಬಲ್ಲಿ 96 ಎಕರೆ ಹೊಲ. ಕಾರ್ನೆಗಿ ಸಂಸ್ಥೆಯ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಆ ಹೊಲದಲ್ಲಿ ಕಂಬ ನೆಟ್ಟು ಅಡ್ಡ ಉದ್ದ ತಂತಿ ಎಳೆದು 22.2 ಮೆಗಾಹರ್ಟ್ಸಿನಲ್ಲಿ ಆಕಾಶದ ನಕ್ಷೆ ತೆಗೆಯುತ್ತಿದ್ದರು. ವೃಷಭದಲ್ಲಿರುವ ಏಡಿ ನೀಹಾರಿಕೆ ಅವರಿಗೆ ಅಳತೆಗಲ್ಲು. ಅದು ದಾಟಿ ಸ್ವಲ್ಪ ಹೊತ್ತಿಗೆ ಕಾಗದದ ಮೇಲೆ ಪೆನ್ನು ಅಡ್ಡಾದಿಡ್ಡಿ ಗೀಚುತ್ತಿತ್ತು. ಹೊಲದ ಆಳು ತಡರಾತ್ರಿ ಗಾಡಿಯಲ್ಲಿ ಮನೆಗೆ ಮರಳುವಾಗ ಎಂಜಿನ್ನಿನ ಕಿಡಿಯಿಂದ ಆಗುವ ಗದ್ದಲ ಎಂದು ಬದಿಗಿಟ್ಟರು.

ಆದರೆ ಆಳು ದಿನದಿನಕ್ಕೆ ನಾಲ್ಕು ನಿಮಿಷ ಬೇಗ ಮನೆಗೆ ಬರುವುದಿಲ್ಲವಲ್ಲ! ಗೀಚು ಹಾಗೆ ಬರುತ್ತಿತ್ತು, ನಕ್ಷತ್ರಗಳ ಲೆಕ್ಕಕ್ಕೆ. ಅಂದಮೇಲೆ ಅದು ಆಕಾಶದ್ದೇ. ಹಾಗಾದರೆ ಯಾವುದು? ಸಹೋದ್ಯೋಗಿಯೊಬ್ಬರು ತಮಾಷೆಗೆ ಗ್ರಹಗಳ ಹೆಸರೆತ್ತಿದರು. ಪಂಚಾಂಗ ತೆಗೆದು ನೋಡಿದರೆ ಗುರು ಸರಿಯಾಗಿ ಅಲ್ಲಿಯೇ ಇತ್ತು. ಗುರು ವಕ್ರಗತಿಯಲ್ಲಿ ಸರಿದಂತೆ ಗೀಚೂ ಸರಿದಿತ್ತು. ಏಪ್ರಿಲ್ 6ರಂದು ಪ್ರಿನ್ಸ್‌ಟನ್‌ನ ಸಭೆಯಲ್ಲಿ ಪ್ರಕಟಿಸಿದರು.

ಆಗ ಗುರು ಇದ್ದದ್ದು ಮಿಥುನದಲ್ಲಿ. ಹನ್ನೆರಡು ವರ್ಷಕ್ಕೆ ಚೂರು ಕಡಿಮೆ ಎಂದು ಸುತ್ತು ಹಾಕುತ್ತಾ ಆರು ಸುತ್ತು ಮುಗಿಸಿ ಈಗ ಮತ್ತೆ ಮಿಥುನಕ್ಕೇ ಬಂದಿದೆ. ಗದ್ದೆಬದಿಯವರ ತಂತಿಯ ಮೇಲೆ ಹಾಯುತ್ತಿರುವುದು ಅದೇ ದಾರಿಯಲ್ಲಿ.

ಇನ್ನೊಂದು ಮಾತು. ಸುದ್ದಿ ಹೊರಬಿದ್ದ ಮೇಲೆ ಸಿಡ್ನಿಯ ಅಲೆಕ್ಸ್ ಶೇನ್ ತಮ್ಮ ಹಳೆಯ ಕಾಗದ ಕೆದಕಿದರು. 1950-51ರಲ್ಲಿ 18.3 ಮೆಗಾಹರ್ಟ್ಸಿನಲ್ಲಿ ತೆಗೆದ ದಾಖಲೆಗಳಲ್ಲಿ ಗುರು ಧಾರಾಳವಾಗಿ ಇತ್ತು. ಅವನ್ನು ಬಳಸಿಯೇ ಅವರು ಈ ಅಲೆ ಗುರುವಿನ ಕೆಲವು ರೇಖಾಂಶಗಳು ನಮ್ಮ ಕಡೆ ತಿರುಗಿದಾಗ ಹೆಚ್ಚು ಎಂದು ತೋರಿಸಿದರು. ಕೈಯಲ್ಲೇ ಇದ್ದದ್ದು ನಾಲ್ಕು ವರ್ಷ ಕಪಾಟಿನಲ್ಲಿತ್ತು.

ಕಟುಸಂದೇಹಿ
ಶುಕ್ರವಾರ, ರಾತ್ರಿ 8.10

ಒಳ್ಳೆಯ ಕಥೆ. ಆದರೆ ಇದರ ಪಾಠ ನನ್ನ ಕಡೆಯದು. ಅವರು ನಂಬಿದ್ದು ಅದು ಮತ್ತೆ ಮತ್ತೆ ಲೆಕ್ಕಕ್ಕೆ ಸರಿಯಾಗಿ ಬಂದಿತೆಂದು. ಗದ್ದೆಬದಿಯವರ ಬಳಿ ಇರುವುದು ಒಂದೇ ರಾತ್ರಿ.

ಟೀಚರ್ಭೌತ
ಶುಕ್ರವಾರ, ರಾತ್ರಿ 10.25

ಉತ್ತರ ಪತ್ರಿಕೆಗಳ ಕಟ್ಟು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಅಲೆ ಹೇಗೆ ಹುಟ್ಟುತ್ತದೆ ಎಂಬುದು ತಿಳಿದರೆ ಲೆಕ್ಕ ಹೇಗೆ ಹಾಕಬೇಕೆಂಬುದೂ ತಿಳಿಯುತ್ತದೆ.

ಗುರುವಿನ ಸುತ್ತ ಭಾರೀ ಕಾಂತಗೋಳವಿದೆ, ಅಂದರೆ ಅದರ ಕಾಂತಕ್ಷೇತ್ರ ಆಳುವ ಪ್ರದೇಶ. ಅದರ ಒಳಗೆ, ಗುರುವಿನಿಂದ 4,22,000 ಕಿಲೋಮೀಟರ್ ದೂರದಲ್ಲಿ ಅಯೋ ಎಂಬ ಉಪಗ್ರಹ ಸುತ್ತುತ್ತದೆ. ಮೈತುಂಬ ಜ್ವಾಲಾಮುಖಿ, ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ, ಆಮ್ಲಜನಕಗಳ ಸರಕು ಅಲ್ಲಿಂದ ಕಾಂತಗೋಳಕ್ಕೆ ಸೇರುತ್ತದೆ. ಆ ಸರಕು ವಿದ್ಯುದಾವೇಶ ಪಡೆದ ಕೂಡಲೇ ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿಬಿದ್ದು ಗುರುವಿನ ಜೊತೆಗೇ ಗಿರಗಿರನೆ ತಿರುಗುತ್ತದೆ. ಗುರು ತನ್ನ ಸುತ್ತ ಒಂದು ಸುತ್ತು ತಿರುಗಲು ಹತ್ತು ಗಂಟೆಯೂ ಬೇಡ, ಅಯೋ ಗುರುವನ್ನು ಸುತ್ತಲು 42 ಗಂಟೆ ಚಿಲ್ಲರೆ. ಹೀಗಾಗಿ ಕಾಂತಕ್ಷೇತ್ರ ಅಯೋವನ್ನು ಹಿಂದಿನಿಂದ ಬಂದು, ಸೆಕೆಂಡಿಗೆ ಸುಮಾರು 57 ಕಿಲೋಮೀಟರ್ ವೇಗದಲ್ಲಿ ಹಾದು ಮುಂದೆ ಹೋಗುತ್ತಲೇ ಇರುತ್ತದೆ.

ಸೈಕಲ್ಲಿನ ಡೈನಮೊ ನೆನಪಿದೆಯೇ? ಅಲ್ಲಿ ತಂತಿಯ ಸುರುಳಿಯ ಮುಂದೆ ಕಾಂತ ತಿರುಗುತ್ತದೆ, ದೀಪ ಹತ್ತುತ್ತದೆ. ಇಲ್ಲಿ ಸುರುಳಿಯ ಬದಲು ಅಯೋ. ಅದರ ಎರಡು ಪಕ್ಕಗಳ ನಡುವೆ ಹುಟ್ಟುವ ವಿಭವಾಂತರ ಸುಮಾರು 4 ಲಕ್ಷ ವೋಲ್ಟ್. ಹರಿಯುವ ವಿದ್ಯುತ್ತು ಸುಮಾರು 30 ಲಕ್ಷ ಆಂಪಿಯರ್. ಕಾಂತರೇಖೆಗಳೇ ತಂತಿ. ಎಲೆಕ್ಟ್ರಾನುಗಳು ಆ ರೇಖೆ ಹಿಡಿದು ಗುರುವಿನ ಧ್ರುವದತ್ತ ಧುಮುಕುತ್ತವೆ. ಕೆಲವು ಒಳಗೆ ಬಿದ್ದು ಹೋಗುತ್ತವೆ, ಉಳಿದವು ಕನ್ನಡಿಗೆ ತಾಗಿದಂತೆ ಹಿಂದಿರುಗುತ್ತವೆ. ಬಿದ್ದವುಗಳ ಜಾಗ ಖಾಲಿಯಾಗಿ ಹಿಂದಿರುಗುವ ಗುಂಪಿನಲ್ಲಿ ಒಂದು ಅಸಮತೋಲ ಉಂಟಾಗುತ್ತದೆ. ಆ ಅಸಮತೋಲ ತನ್ನ ಹೆಚ್ಚುವರಿ ಶಕ್ತಿಯನ್ನು ರೇಡಿಯೊ ಅಲೆಗೆ ಕೊಟ್ಟುಬಿಡುತ್ತದೆ. ಲೇಸರ್‌ನಂತೆ ಎಲ್ಲ ಎಲೆಕ್ಟ್ರಾನುಗಳೂ ಒಟ್ಟಾಗಿ. ಇದಕ್ಕೆ ಸೈಕ್ಲೊಟ್ರಾನ್ ಮೇಸರ್ ಎಂದು ಹೆಸರು. ವೂ ಮತ್ತು ಲೀ ಎಂಬವರು 1979ರಲ್ಲಿ ಇದರ ಸಿದ್ಧಾಂತ ಕೊಟ್ಟರು.

ಈಗ ಚೆಂದದ ಸಂಗತಿ. ಹೀಗೆ ಹುಟ್ಟುವ ಅಲೆಯ ಕಂಪನಾಂಕ ಆ ಜಾಗದ ಕಾಂತಕ್ಷೇತ್ರವನ್ನೇ ಅವಲಂಬಿಸಿದೆ (ಕಾಂತಕ್ಷೇತ್ರದ ಬಲ ಅಳೆಯುವ ಮಾನ ಗೌಸ್): ಒಂದು ಗೌಸ್‌ಗೆ 2.8 ಮೆಗಾಹರ್ಟ್ಸ್. ಗದ್ದೆಬದಿಯವರು 20.1ರಲ್ಲಿ ಕೇಳುತ್ತಿದ್ದಾರೆ, 2.8ರಿಂದ ಭಾಗಿಸಿ, ಸುಮಾರು 7.2 ಗೌಸ್. ಅಂದರೆ ಗುರುವಿನ ಮೇಲೆ ಕಾಂತಕ್ಷೇತ್ರ 7.2 ಗೌಸ್ ಇರುವ ಎತ್ತರದ ಸದ್ದು ಅದು. ಗುರುವಿನ ಈ ಅಲೆಗಳು 39.5 ಮೆಗಾಹರ್ಟ್ಸಿಗೆ ಥಟ್ಟನೆ ನಿಂತುಬಿಡುತ್ತವೆ. ಏಕೆಂದರೆ ಈ ಕಾಂತರೇಖೆಗಳು ಗುರುವಿನ ವಾತಾವರಣಕ್ಕೆ ಇಳಿಯುವ ಜಾಗದಲ್ಲಿ ಕ್ಷೇತ್ರ ಹೆಚ್ಚೆಂದರೆ 14 ಗೌಸ್. ಯಾವ ನೌಕೆಯೂ ಹೋಗುವ ಮೊದಲೇ ಗುರುವಿನ ಕಾಂತಬಲ ಅಂದಾಜಿಗೆ ಸಿಕ್ಕಿದ್ದು ಈ ದಾರಿಯಿಂದ. ಹೋಲಿಕೆಗೆ, ನಿಮ್ಮ ಗದ್ದೆಯಲ್ಲಿ ಭೂಮಿಯ ಕ್ಷೇತ್ರ ಅರ್ಧ ಗೌಸೂ ಇಲ್ಲ.

ಹೊಸಬ27
ಶನಿವಾರ, ಬೆಳಿಗ್ಗೆ 8.00

ಟೀಚರ್, ಅಯೋ ಸದಾ ಸುತ್ತುತ್ತಲೇ ಇದ್ದರೆ ಅಲೆ ಸದಾ ಕೇಳಬೇಕಲ್ಲವೇ? ಹನ್ನೊಂದು ರಾತ್ರಿ ಏಕೆ ಏನೂ ಬರಲಿಲ್ಲ?

ಟೀಚರ್ಭೌತ
ಶನಿವಾರ, ಬೆಳಿಗ್ಗೆ 8.35

ಒಳ್ಳೆಯ ಪ್ರಶ್ನೆ, ನನ್ನ ತರಗತಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಈ ಅಲೆ ಬಲ್ಬಿನ ಬೆಳಕಿನಂತೆ ಸುತ್ತೆಲ್ಲ ಹರಡುವುದಿಲ್ಲ. ಅಗಲ ಬಾಯಿಯ ಆಲಿಕೆಯನ್ನು ಕಲ್ಪಿಸಿಕೊಳ್ಳಿ, ಸೀಮೆಎಣ್ಣೆ ಹುಯ್ಯುವುದಕ್ಕೆ ಇಡುತ್ತಿದ್ದೆವಲ್ಲ, ಅಂಥದ್ದು. ಅಲೆ ಹೊರಡುವುದು ಆ ಆಲಿಕೆಯ ಗೋಡೆಯ ಉದ್ದಕ್ಕೆ ಮಾತ್ರ; ಒಳಗೆ ಖಾಲಿ, ಹೊರಗೆ ಖಾಲಿ. ಗೋಡೆಯ ದಪ್ಪ ಒಂದೆರಡು ಡಿಗ್ರಿ. ಆ ತೆಳ್ಳನೆ ಗೋಡೆ ಭೂಮಿಯ ಮೇಲೆ ಹಾದಾಗ ನಮಗೆ ಕೇಳುತ್ತದೆ, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಎರಡು ಷರತ್ತು. ಗುರುವಿನ ಸರಿಯಾದ ಮುಖ ನಮ್ಮ ಕಡೆ ಇರಬೇಕು, ಅಯೋ ಸರಿಯಾದ ಜಾಗದಲ್ಲಿರಬೇಕು. ಅಯೋವಿನ ಕೈವಾಡ ಪತ್ತೆ ಮಾಡಿದ್ದು ಆಸ್ಟ್ರೇಲಿಯದ ಬಿಗ್, 1964ರಲ್ಲಿ. ಅಯೋದಲ್ಲಿ ಜ್ವಾಲಾಮುಖಿ ಇದೆಯೆಂದು ವಾಯೇಜರ್ 1 ತೋರಿಸುವುದಕ್ಕೆ ಹದಿನೈದು ವರ್ಷ ಮೊದಲು!

ಮೂರನೇಮಹಡಿ
ಶನಿವಾರ, ಬೆಳಿಗ್ಗೆ 11.20

ಗುರುವಿನ ರೇಡಿಯೊದಲ್ಲಿ ನಮ್ಮ ಊರಿನ ನಂಟೂ ಇದೆ, ಹೇಳದೆ ಇರಲಾರೆ. ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. 1960ರಲ್ಲಿ ಅವರು ಮತ್ತು ಜೇಮ್ಸ್ ರಾಬರ್ಟ್ಸ್ ಕ್ಯಾಲಿಫೋರ್ನಿಯದ ಓವೆನ್ಸ್ ಕಣಿವೆಯಲ್ಲಿ 90 ಅಡಿಯ ಎರಡು ಡಿಶ್‌ಗಳನ್ನು ಜೋಡಿಸಿ ಗುರುವನ್ನು 960 ಮೆಗಾಹರ್ಟ್ಸಿನಲ್ಲಿ ನೋಡಿದರು. ಅಲೆ ಬರುತ್ತಿದ್ದ ಹರವು ಗುರುವಿನ ಬಿಂಬಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಅದರಲ್ಲೂ ಸುಮಾರು ಶೇ 30ರಷ್ಟು ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು). ಬರೀ ಬಿಸಿಯಾದ ಗ್ರಹ ಹಾಗೆ ಮಾಡಲಾರದು. ಗುರುವಿನ ಸುತ್ತ, ಭೂಮಿಯ ವ್ಯಾನ್ ಅಲೆನ್ ಪಟ್ಟಿಗಳಂತೆ, ವೇಗದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಬಲೆಯಲ್ಲಿ ಸಿಕ್ಕಿವೆ ಎಂಬುದು ಗಟ್ಟಿಯಾಯಿತು. ಅದೇ ರಾಧಾಕೃಷ್ಣನ್ ಮುಂದೆ 1972ರಿಂದ 1994ರ ವರೆಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು.

ಗದ್ದೆಬದಿಯವರಿಗೆ ಸಿಕ್ಕಿರಬಹುದಾದದ್ದೂ ಅದೇ ಬಗೆಯದೇ?

ಟೀಚರ್ಭೌತ
ಶನಿವಾರ, ಬೆಳಿಗ್ಗೆ 11.50

ಅಲ್ಲ. ನೀವು ಹೇಳಿದ್ದು ಸಿಂಕ್ರೊಟ್ರಾನ್ ಅಲೆ, ಬಲೆಗೆ ಸಿಕ್ಕ ಅತಿವೇಗದ ಎಲೆಕ್ಟ್ರಾನುಗಳು ಸುತ್ತುವಾಗ ಹುಟ್ಟುವಂಥದ್ದು. ಅದು ಹಗಲೂ ರಾತ್ರಿ ಒಂದೇ ಸಮ ಬರುತ್ತದೆ, ಬಲು ಕ್ಷೀಣ, ದೊಡ್ಡ ಡಿಶ್ ಬೇಕು. ಬಿದಿರಿನ ಗಳಕ್ಕೆ ಕಟ್ಟಿದ ತಂತಿಗೆ ಸಿಗುವುದು ಮುಖ್ಯವಾಗಿ ಅಯೋವಿನ ಸ್ಫೋಟಗಳು. ಅವು ಬಂದಾಗ ಎಷ್ಟು ಜೋರೆಂದರೆ, ಈ ಕಂಪನಾಂಕದಲ್ಲಿ ಶಾಂತವಾಗಿರುವ ಸೂರ್ಯನನ್ನೂ ಮೀರಿಸುತ್ತವೆ. ನಮ್ಮ ಗೌರಿಬಿದನೂರಿನಲ್ಲಿ ಸಾವಿರ ಡೈಪೋಲ್‌ಗಳನ್ನು ‘ಟಿ’ ಆಕಾರದಲ್ಲಿ ಹರಡಿ 34.5 ಮೆಗಾಹರ್ಟ್ಸಿನ ದೂರದರ್ಶಕ ಕಟ್ಟಿದ್ದರು. ಗದ್ದೆಬದಿಯವರ ತಂತಿ ಅದರ ಮೊಮ್ಮಗು ಎನ್ನಬಹುದು.

ಗುರುವಿನ ಸುತ್ತ ಬಲೆಗೆ ಸಿಕ್ಕ ಆ ವೇಗದ ಎಲೆಕ್ಟ್ರಾನುಗಳ ಕಾಟದಿಂದ ಪಾರಾಗಲು ಜುನೊ ತನ್ನ ಮಿದುಳನ್ನು ಒಂದು ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದೆ.

ತಂತಿಮೇಷ್ಟರು
ಶನಿವಾರ, ರಾತ್ರಿ 9.00

ಕಟುಸಂದೇಹಿಯವರಿಗೆ ಒಪ್ಪಿಗೆಯಾಗುವ ಪರೀಕ್ಷೆ ಹೇಳುತ್ತೇನೆ. ಕಾಗದ ಪೆನ್ಸಿಲ್ ಸಾಕು.

ಗುರುವಿನ ಒಂದು ಸುತ್ತು 9 ಗಂಟೆ 55 ನಿಮಿಷ ಚಿಲ್ಲರೆ. ಹದಿನೇಳು ಸುತ್ತಿಗೆ 168.7 ಗಂಟೆ, ಅಂದರೆ ಏಳು ದಿನ ಮತ್ತು ಮುಕ್ಕಾಲು ಗಂಟೆ. ಅಯೋವಿನ ಒಂದು ಪ್ರದಕ್ಷಿಣೆ 42.46 ಗಂಟೆ. ನಾಲ್ಕು ಪ್ರದಕ್ಷಿಣೆಗೆ 169.8 ಗಂಟೆ, ಅಂದರೆ ಏಳು ದಿನ ಮತ್ತು ಹೆಚ್ಚು ಕಡಿಮೆ ಎರಡು ಗಂಟೆ. ಎರಡೂ ಸರಿಯಾಗಿ ಕೂಡುವುದಿಲ್ಲ, ಆದರೆ ಹತ್ತಿರ ಬರುತ್ತವೆ. ಗದ್ದೆಬದಿ ಕೇಳಿದ್ದು ಗುರುವಾರ ರಾತ್ರಿ 11.10ಕ್ಕೆ. ಅದು ಅಯೋವಿನದೇ ಆಗಿದ್ದರೆ ಮುಂದಿನ ಗುರುವಾರ ರಾತ್ರಿ ಹನ್ನೆರಡರಿಂದ ಒಂದರ ನಡುವೆ ಮತ್ತೆ ಕೇಳುವ ಸಂಭವ ಇದೆ.

ಮೊಬೈಲಿನಲ್ಲಿ ಲೆಕ್ಕ ತೆಗೆದು ನೋಡಿದೆ. 11.10ಕ್ಕೆ ಅಯೋ ಗುರುವಿನ ಪೂರ್ವ ಪಕ್ಕದಲ್ಲಿ, ಅತಿ ದೂರ ಕಾಣುವ ಜಾಗದ ಹತ್ತಿರ ಇತ್ತು. ಗುರುವಿನ ನಮ್ಮೆದುರಿನ ರೇಖಾಂಶ 150 ಡಿಗ್ರಿಯ ಆಸುಪಾಸು. ಇದನ್ನೇ ಹವ್ಯಾಸಿಗಳು ಅಯೋ-ಬಿ ಎನ್ನುವುದು. ನನಗೆ ಸ್ವಲ್ಪ ಆಸೆ ಹುಟ್ಟಿದೆ, ಸುಳ್ಳು ಹೇಳುವುದಿಲ್ಲ.

ಆದರೆ ಬೇಲಿ ಆರಿಸಲೇಬೇಕು.

ಕಟುಸಂದೇಹಿ
ಶನಿವಾರ, ರಾತ್ರಿ 9.30

ಒಪ್ಪಿದೆ. ಜೊತೆಗೆ ಇನ್ನೊಂದು. ದೂರದ ಇನ್ನೊಬ್ಬರು ಅದೇ ಹೊತ್ತಿಗೆ ಕೇಳಬೇಕು. ಚಿಕ್ಕಪ್ಪನ ಬೇಲಿ ಇನ್ನೂರು ಕಿಲೋಮೀಟರ್ ಮುಟ್ಟುವುದಿಲ್ಲ.

ಬಯಲುಸೀಮೆ
ಭಾನುವಾರ, ಬೆಳಿಗ್ಗೆ 6.45

ಚಳ್ಳಕೆರೆ ಕಡೆಯವನು ನಾನು. ಓದಿಕೊಂಡು ಸುಮ್ಮನಿದ್ದೆ. ನಮ್ಮ ಶೇಂಗಾ ಹೊಲದಲ್ಲಿ ಒಂದು ಡೈಪೋಲ್ ಕಟ್ಟಿ ವರ್ಷವಾಗಿದೆ. ಸುತ್ತ ಮರವಿಲ್ಲ, ಬೇಲಿಯಿಲ್ಲ, ಹಂದಿ ಇದ್ದರೂ ಝಟಕಾ ಇಲ್ಲ. ಗುರುವಾರ ರಾತ್ರಿ ನಾನು ಕೂರುತ್ತೇನೆ.

ಒಂದು ಎಚ್ಚರಿಕೆ. ಸೂರ್ಯ 2024ರ ಸುಮಾರಿಗೆ ಚಟುವಟಿಕೆಯ ತುದಿ ಮುಟ್ಟಿ ಈಗ ನಿಧಾನಕ್ಕೆ ಇಳಿಯುತ್ತಿದ್ದಾನೆ. ನಮ್ಮ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಇನ್ನೂ ದಟ್ಟವಾಗಿದೆ, ಅದರಲ್ಲೂ ಭೂಮಧ್ಯರೇಖೆಗೆ ಹತ್ತಿರದ ನಮ್ಮ ಕಡೆ. ಸಂಜೆಯ ಹೊತ್ತು ದೂರದೂರದ ಶಾರ್ಟ್‌ವೇವ್ ಕೇಂದ್ರಗಳು ಅದಕ್ಕೆ ತಾಗಿ ಪುಟಿದು ಬಂದು ಗಲಾಟೆ ಮಾಡುತ್ತವೆ. ಮಧ್ಯರಾತ್ರಿ ದಾಟಿದಷ್ಟೂ ಒಳ್ಳೆಯದು. ಗಡಿಯಾರ ಸೆಕೆಂಡಿನ ತನಕ ಹೊಂದಿಸಿಕೊಳ್ಳೋಣ.

ಗದ್ದೆಬದಿ
ಮಂಗಳವಾರ, ರಾತ್ರಿ 8.15

ಚಿಕ್ಕಪ್ಪನೊಡನೆ ಮಾತಾಡಿದೆ. ‘ಗುರುಗ್ರಹಕ್ಕೂ ನನ್ನ ಶುಂಠಿಗೂ ಏನು ಸಂಬಂಧ’ ಎಂದರು. ಹೇಳಿದೆ. ಕೇಳಿಸಿಕೊಂಡರು. ‘ಗುರುವಾರ ಗುರುವಿಗೆಂದು ಬೇಲಿ ಆರಿಸಬೇಕು, ಅಷ್ಟೇ ತಾನೆ, ದೀಪ ಹಚ್ಚುವ ಬದಲು’ ಎಂದು ನಕ್ಕರು. ರಾತ್ರಿ 11.45ರಿಂದ 1.15ರ ವರೆಗೆ ಒಪ್ಪಿದ್ದಾರೆ. ಅಷ್ಟು ಹೊತ್ತು ಬ್ಯಾಟರಿ ಹಿಡಿದು ಹಂದಿ ಕಾಯುವುದು ನನ್ನ ತಂಗಿಯ ಮಗನ ಪಾಲು.

ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ: ಇದನ್ನು ಕೇಳಿ ಏನು ಉಪಯೋಗ?

ಟೀಚರ್ಭೌತ
ಮಂಗಳವಾರ, ರಾತ್ರಿ 9.05

ಗುರುವಿಗೆ ನೆಲವಿಲ್ಲ ಎಂದು ಹೇಳಿ. ಕಾಣುವುದೆಲ್ಲ ಮೋಡ, ಒಂದೊಂದು ಪಟ್ಟೆ ಒಂದೊಂದು ವೇಗದಲ್ಲಿ ಓಡುತ್ತದೆ. ಹಾಗಾದರೆ ಅಲ್ಲಿ ದಿನ ಎಂದರೆ ಎಷ್ಟು ಹೊತ್ತು? ಕಾಂತಕ್ಷೇತ್ರ ಆಳದಿಂದ ಬರುವುದರಿಂದ ಅದರ ಜೊತೆ ಸುತ್ತುವ ರೇಡಿಯೊ ಅಲೆಯೇ ಗಡಿಯಾರ. 9 ಗಂಟೆ 55 ನಿಮಿಷ 29.7 ಸೆಕೆಂಡು ಎಂಬ ಲೆಕ್ಕ ಬಂದದ್ದು ಹಾಗೆ.

ಇದೇ ಉಪಾಯ ಶನಿಯ ಬಳಿ ಕೈಕೊಟ್ಟಿತು! ವಾಯೇಜರ್ ಅಲ್ಲಿನ ರೇಡಿಯೊ ಕೇಳಿ 10 ಗಂಟೆ 39 ನಿಮಿಷ ಎಂದಿತು. 2004ರಲ್ಲಿ ಕ್ಯಾಸಿನಿ ನೌಕೆ ಹೋಗಿ ಕೇಳಿದರೆ 10 ಗಂಟೆ 45 ನಿಮಿಷ. ಅಷ್ಟು ದೊಡ್ಡ ಗ್ರಹ ಇಪ್ಪತ್ತು ವರ್ಷದಲ್ಲಿ ಆರು ನಿಮಿಷ ನಿಧಾನವಾಗಲು ಸಾಧ್ಯವೇ ಇಲ್ಲ. ಜಾರುತ್ತಿದ್ದದ್ದು ರೇಡಿಯೊ ಅಲೆಯ ಗಡಿಯಾರ. ಕೊನೆಗೆ 2019ರಲ್ಲಿ ಉಂಗುರಗಳಲ್ಲೇಳುವ ಅಲೆಗಳನ್ನು ಅಳೆದು 10 ಗಂಟೆ 33 ನಿಮಿಷ 38 ಸೆಕೆಂಡು ಎಂದು ಕಂಡುಕೊಂಡರು. ಚಿಕ್ಕಪ್ಪನವರಿಗೆ ಇದು ಸಾಲದಿದ್ದರೆ ನನ್ನ ಬಳಿ ಬೇರೆ ಉಪಯೋಗವಿಲ್ಲ.

ಗದ್ದೆಬದಿ
ಶುಕ್ರವಾರ, ಬೆಳಗಿನ ಜಾವ 2.10

ನಿದ್ದೆ ಬರುತ್ತಿಲ್ಲ, ಈಗಲೇ ಬರೆಯುತ್ತೇನೆ.

11.45ಕ್ಕೆ ಚಿಕ್ಕಪ್ಪ ತಾವೇ ಬಂದು ಪೆಟ್ಟಿಗೆಯ ಗುಂಡಿ ಒತ್ತಿದರು. ಟಕ್ ಟಕ್ ಅಲ್ಲಿಗೇ ನಿಂತಿತು. ಎರಡು ವಾರದಿಂದ ಕಿವಿಗೆ ಅಂಟಿಕೊಂಡಿದ್ದ ಸದ್ದು ನಿಂತಾಗ ಹೆಡ್‌ಫೋನಿನಲ್ಲಿ ಉಳಿದದ್ದು ಬರೀ ಸುಂಯ್, ಮಳೆ ದೂರದಲ್ಲಿ ಬಂದಂತೆ. ಮನೆಯ ಬಲ್ಬುಗಳನ್ನೂ ಆರಿಸಿದ್ದೆ, ಚಾರ್ಜರ್ ಕಿತ್ತಿದ್ದೆ. ತಂಗಿಯ ಮಗನ ಬಳಿ ಚಿಕ್ಕ ದೂರದರ್ಶಕವಿದೆ. ಹಂದಿ ಕಾಯುವ ಬದಲು ಅದನ್ನು ಹೂಡಿಕೊಂಡು ಕುಳಿತಿದ್ದ. ‘ಮಾವ, ಅಯೋ ಪೂರ್ವಕ್ಕೇ ಇದೆ’ ಎಂದ. ನೋಡಿದೆ. ಬೆಣ್ಣೆಯ ಉಂಡೆಯಂಥ ಗುರು, ಪಕ್ಕದಲ್ಲಿ ಸಾಸಿವೆ ಕಾಳು.

ಹನ್ನೆರಡು ಹೊಡೆಯಿತು, ಏನಿಲ್ಲ. 12.15, ಏನಿಲ್ಲ. ಚಿಕ್ಕಪ್ಪ ಗದ್ದೆಯ ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತು ಕವಳ ಹಾಕುತ್ತಿದ್ದರು. 12.24ಕ್ಕೆ ಸುಂಯ್ ಸ್ವಲ್ಪ ದಪ್ಪಗಾಯಿತು. ನನ್ನ ಭ್ರಮೆ ಎಂದುಕೊಂಡೆ. ಮತ್ತೆ ಇಳಿಯಿತು. ಆಮೇಲೆ ಬಂತು ನೋಡಿ, ಒಂದರ ಮೇಲೊಂದು, ಹುಶ್ ಎಂದು ಏರಿ, ಎರಡು ಮೂರು ಸೆಕೆಂಡು ನಿಂತು, ಜಾರಿ, ಮತ್ತೆ ಏರಿ. ಪರದೆಯ ಮೇಲೆ ಒಂದೇ ಕಂಪನಾಂಕದಲ್ಲಲ್ಲ, ಅಗಲವಾದ ಪಟ್ಟಿಯಾಗಿ. ಹೆಡ್‌ಫೋನಿನ ಒಂದು ಕಿವಿಯನ್ನು ಚಿಕ್ಕಪ್ಪನಿಗೆ ಕೊಟ್ಟೆ. ಬಹಳ ಹೊತ್ತು ಕೇಳಿದರು. ‘ಎಷ್ಟು ದೂರದಿಂದ?’ ಎಂದರು. ಅಲ್ಲಿಂದ ಹೊರಟು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಆಯಿತು, ಬೆಳಕಿನ ವೇಗದಲ್ಲಿ, ಎಂದೆ. ಕವಳ ಉಗಿದು ಬಂದು ಮತ್ತೆ ಕಿವಿಗಿಟ್ಟುಕೊಂಡರು.

12.51ಕ್ಕೆ ಮುಗಿಯಿತು. ಬಯಲುಸೀಮೆಯವರೇ, ನೀವು ಏನು ಕೇಳಿದಿರಿ? ನಿಮ್ಮದನ್ನು ನೋಡುವ ತನಕ ನನ್ನ ಮುದ್ರಿಕೆ ಹಾಕುವುದಿಲ್ಲ.

ಬಯಲುಸೀಮೆ
ಶುಕ್ರವಾರ, ಬೆಳಿಗ್ಗೆ 6.30

12.25ರಿಂದ 12.50. ನನ್ನದು ಒಂದೇ ಡೈಪೋಲ್, ಕ್ಷೀಣವಾಗಿ ಬಂತು, ಆದರೆ ಬಂತು. ಗ್ರಾಫ್ ಹಾಕಿದ್ದೇನೆ. 12.33ಕ್ಕೆ ಅತಿ ಎತ್ತರದ ಉಬ್ಬು, 12.41ರ ಹೊತ್ತಿಗೆ ಒಂದು ನಿಮಿಷ ಮೌನ, ಆಮೇಲೆ ಮತ್ತೆ ಮೂರು ಉಬ್ಬು.

ಗದ್ದೆಬದಿ
ಶುಕ್ರವಾರ, ಬೆಳಿಗ್ಗೆ 6.52

ನನ್ನದೂ ಹಾಕಿದೆ. 12.33, 12.41, ಆಮೇಲಿನ ಮೂರು. ನೀವೇ ಮೇಲೆ ಕೆಳಗೆ ಇಟ್ಟು ನೋಡಿ.

ಕಟುಸಂದೇಹಿ
ಶುಕ್ರವಾರ, ಬೆಳಿಗ್ಗೆ 8.20

ಇಟ್ಟು ನೋಡಿದೆ. ಸಣ್ಣ ಸಣ್ಣ ಏರಿಳಿತಗಳು ಎರಡು ಕಡೆ ಪೂರ್ತಿ ಹೊಂದುವುದಿಲ್ಲ.

ಟೀಚರ್ಭೌತ
ಶುಕ್ರವಾರ, ಬೆಳಿಗ್ಗೆ 8.41

ಹೊಂದಿದ್ದರೆ ನನಗೆ ಸಂದೇಹ ಬರುತ್ತಿತ್ತು. ಸೆಕೆಂಡುಗಳ ಆ ಏರಿಳಿತ ಗುರುವಿನದಲ್ಲ. ದಾರಿಯಲ್ಲಿ ಸೌರಮಾರುತ ಮತ್ತು ನಮ್ಮ ಅಯಾನುಗೋಳ ಸೇರಿ ನಕ್ಷತ್ರ ಮಿನುಗಿಸುವಂತೆ ಅಲೆಯನ್ನು ಮಿನುಗಿಸುತ್ತವೆ. ಶಿರಸಿಯ ಮೇಲಿನ ಅಯಾನುಗೋಳ ಬೇರೆ, ಚಳ್ಳಕೆರೆಯದು ಬೇರೆ. ಗುರುವಿನದೇ ಚುರುಕು ಬೇಕೆಂದರೆ ಎಸ್ ಸ್ಫೋಟಗಳನ್ನು ಹಿಡಿಯಬೇಕು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಬಂದು ಹೋಗುತ್ತವೆ, ತಗಡಿನ ಮಾಡಿನ ಮೇಲೆ ಹರಳು ಚೆಲ್ಲಿದ ಹಾಗೆ.

ಕಟುಸಂದೇಹಿ
ಶುಕ್ರವಾರ, ಬೆಳಿಗ್ಗೆ 8.50

ಮಿಂಚು ಎರಡು ಕಡೆಗೂ ಕೇಳುತ್ತದೆ, ಆದರೆ ಇಪ್ಪತ್ತೈದು ನಿಮಿಷ ಹೀಗೆ ಉಸಿರಾಡುವುದಿಲ್ಲ. ರಾತ್ರಿ ಸೂರ್ಯನಿಲ್ಲ. ಹೊತ್ತು ಮೇಷ್ಟರು ಕಾಗದದ ಮೇಲೆ ಬರೆದು ಕೊಟ್ಟದ್ದು. ಸರಿ, ಗುರುವೇ. ಮೊದಲ ಗುರುವಾರದ್ದನ್ನೂ ಒಪ್ಪುತ್ತೇನೆ, ಟಕ್ ಟಕ್ ಬಿಟ್ಟು.

ತಂತಿಮೇಷ್ಟರು
ಶುಕ್ರವಾರ, ಬೆಳಿಗ್ಗೆ 9.15

ಗದ್ದೆಬದಿ, ಮುಂದಿನ ವಾರವೂ ಇದೇ ಲೆಕ್ಕ ಹಾಕಿ ಕೂರಬೇಡಿ. ಪ್ರತಿ ವಾರ ಎರಡು ಗಡಿಯಾರಗಳ ನಡುವೆ ಒಂದು ಗಂಟೆಗೂ ಮೀರಿ ಅಂತರ ಬೆಳೆಯುತ್ತದೆ, ಬೇಗನೆ ತಪ್ಪಿಹೋಗುತ್ತದೆ. ಅಯೋ ಪಶ್ಚಿಮಕ್ಕಿರುವಾಗಿನ ಹೊತ್ತುಗಳ ಪಟ್ಟಿ ಮಾಡಿ ಕಳಿಸುತ್ತೇನೆ. ಬೇಲಿ ಎಷ್ಟು ರಾತ್ರಿ ಆರಿಸಲು ಸಾಧ್ಯ?

ಗದ್ದೆಬದಿ
ಶುಕ್ರವಾರ, ಮಧ್ಯಾಹ್ನ 12.40

ಅದನ್ನೇ ಹೇಳಬೇಕೆಂದಿದ್ದೆ. ರಾತ್ರಿ ಮುಗಿದ ಸಂಭ್ರಮದಲ್ಲಿ ಬೇಲಿ ಮತ್ತೆ ಹಾಕುವುದನ್ನು ಮೂವರೂ ಮರೆತೆವು. ಬೆಳಿಗ್ಗೆ ನೋಡಿದರೆ ಶುಂಠಿ ಪಟ್ಟೆಯಲ್ಲಿ ನಾಲ್ಕು ಸಾಲು ಉತ್ತು ಹಾಕಿದಂತಿದೆ. ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. ಪಟ್ಟಿ ಕಳಿಸುವುದಾದರೆ ಶುಂಠಿ ಕಿತ್ತು ಮುಗಿದ ಮೇಲಿನ ದಿನಗಳದ್ದು ಕಳಿಸಲು ಹೇಳು ಎಂದರು.